ಉಚಿತ ವರದಿ, ತಿಂಗಳ ವಸೂಲಿ

ಸಾಲದ ಚರಿತ್ರೆ ದಾಖಲಿಸುವ ಸಂಸ್ಥೆಗಳು ತಮ್ಮ ಬಗ್ಗೆ ಏನು ಬರೆದಿಟ್ಟಿವೆ ಎಂಬುದನ್ನು ತಿಳಿಯುವ ಹಕ್ಕು ಜನರಿಗಿದೆ ಎಂದು ಅಮೆರಿಕ 1970ರಲ್ಲೇ ಕಾನೂನು ಮಾಡಿತ್ತು. ಆ ದಾಖಲೆಯನ್ನು, ಅಂದರೆ ಕ್ರೆಡಿಟ್ ವರದಿಯನ್ನು, ದೇಶದ ಎಲ್ಲರಿಗೂ ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಕೊಡಬೇಕು ಎಂಬ ನಿಯಮ ಬಂದದ್ದು ಮಾತ್ರ 2003ರ ಡಿಸೆಂಬರ್‌ನಲ್ಲಿ. ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಅಂಥ ಮೂರು ದೊಡ್ಡ ಸಂಸ್ಥೆಗಳೂ ಸೇರಿ ಇದಕ್ಕಾಗಿ ಒಂದೇ ಜಾಲತಾಣ ನಡೆಸಬೇಕೆಂದು ಗೊತ್ತಾಯಿತು. ಆ್ಯನ್ಯುಅಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್ ಎಂಬ ಆ ತಾಣದ ಸೇವೆ 2004ರ ಡಿಸೆಂಬರ್‌ನಲ್ಲಿ ಪಶ್ಚಿಮದ ರಾಜ್ಯಗಳಿಂದ ಶುರುವಾಗಿ 2005ರ ಸೆಪ್ಟೆಂಬರ್ ಹೊತ್ತಿಗೆ ದೇಶವನ್ನೆಲ್ಲ ತಲುಪಿತು. ಆದರೆ ಅದು ತಲುಪುವ ಒಂದು ತಿಂಗಳು ಮೊದಲೇ, 2005ರ ಆಗಸ್ಟ್‌ನಲ್ಲಿ, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಎಕ್ಸ್‌ಪೀರಿಯನ್‌ನ ಅಂಗಸಂಸ್ಥೆಯಾದ ಕನ್ಸ್ಯೂಮರ್‌ಇನ್ಫೊ ಡಾಟ್ ಕಾಮ್ ಜೊತೆ ಒಂದು ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತ್ತು. ಉಚಿತ ವರದಿ ಎಂದು ಜಾಹೀರಾತು ಕೊಟ್ಟು, ಕಾರ್ಡ್ ಸಂಖ್ಯೆ ಪಡೆದು, 30 ದಿನದೊಳಗೆ ಬೇಡವೆನ್ನದವರ ಕಾರ್ಡಿನಿಂದ ವರ್ಷದ ಸದಸ್ಯತ್ವಕ್ಕೆಂದು 79.95 ಡಾಲರ್ ಮುರಿದುಕೊಳ್ಳುತ್ತಿದ್ದರು ಎಂಬುದು ಆರೋಪ. ಕಂಪನಿ 9.5 ಲಕ್ಷ ಡಾಲರ್ ತೆತ್ತಿತು. ಆ ಆದೇಶವನ್ನೂ ಪಾಲಿಸಲಿಲ್ಲ ಎಂಬ ದೂರಿನ ಮೇಲೆ 2007ರಲ್ಲಿ ಮತ್ತೆ 3 ಲಕ್ಷ ಡಾಲರ್ ಕಟ್ಟಿತು.

ಅಲ್ಲಿಂದ ಇಲ್ಲಿಯವರೆಗಿನ ಇಪ್ಪತ್ತು ವರ್ಷಗಳ ದಾಖಲೆ ಸಾರ್ವಜನಿಕವಾಗಿದೆ. ಅದನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸರ್ಕಾರ ಪ್ರತಿ ಸಲವೂ ಕಂಪನಿಗಳಿಗೆ ಹೇಳಿದ್ದು ಇಷ್ಟೇ: ಷರತ್ತನ್ನು ಇನ್ನೂ ಸ್ಪಷ್ಟವಾಗಿ ತೋರಿಸಿ, ಅಕ್ಷರ ದಪ್ಪ ಮಾಡಿ, ಸೂಚನೆಯನ್ನು ಮೇಲಕ್ಕೆ ತನ್ನಿ. ಪ್ರತಿ ಸಲವೂ ವಸೂಲಿ ಬೇರೊಂದು ದಾರಿ ಹಿಡಿದು ಮುಂದುವರಿಯಿತು. ಈ ಮೋಸದ ಬೇರು ಜಾಹೀರಾತಿನಲ್ಲಿಲ್ಲ, ಹಣಪಾವತಿಯಲ್ಲಿದೆ ಎಂಬುದು ನನ್ನ ವಾದ. ಒಮ್ಮೆ ಕಾರ್ಡ್ ಸಂಖ್ಯೆ ಕೊಟ್ಟವರು ಸುಮ್ಮನಿದ್ದರೆ ಸಾಕು, ಅದನ್ನು ಒಪ್ಪಿಗೆಯೆಂದೇ ಎಣಿಸಿ ತಿಂಗಳು ತಿಂಗಳೂ ಹಣ ತೆಗೆಯುವ ಏರ್ಪಾಡು ಇರುವವರೆಗೆ ಎಷ್ಟು ದಪ್ಪಕ್ಷರದ ಸೂಚನೆಯೂ ಅರ್ಧ ಪರಿಹಾರ ಮಾತ್ರ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಹಳೆಯ ಮಾತು ಮದುವೆಯ ಮಾತುಕತೆಗೆ ಒಗ್ಗಬಹುದು, ಬ್ಯಾಂಕ್ ಖಾತೆಗೆ ಒಗ್ಗುವುದಿಲ್ಲ.

ಈ ವರದಿಗೆ ಜನ ಯಾಕೆ ಮುಗಿಬೀಳುತ್ತಾರೆ ಎಂಬುದನ್ನು ಮೊದಲು ತಿಳಿಯಬೇಕು. ಅಮೆರಿಕದಲ್ಲಿ ಮನೆಸಾಲ, ಕಾರಿನ ಸಾಲ ಮಾತ್ರವಲ್ಲ, ಬಾಡಿಗೆ ಮನೆ, ಮೊಬೈಲ್ ಸಂಪರ್ಕ, ಎಷ್ಟೋ ರಾಜ್ಯಗಳಲ್ಲಿ ವಾಹನ ವಿಮೆಯ ಕಂತು ಕೂಡ ಈ ವರದಿಯ ಮೇಲೆ ನಿಂತಿರುತ್ತದೆ. ವರದಿಯಲ್ಲಿ ತಪ್ಪುಗಳೂ ಇರುತ್ತವೆ. ಟ್ರೇಡ್ ಕಮಿಷನ್ 2013ರಲ್ಲಿ ಬಿಡುಗಡೆ ಮಾಡಿದ ಅಧ್ಯಯನದ ಪ್ರಕಾರ ಐವರು ಗ್ರಾಹಕರಲ್ಲಿ ಒಬ್ಬರಿಗೆ ಮೂರರಲ್ಲಿ ಒಂದು ವರದಿಯಲ್ಲಾದರೂ ತಪ್ಪಿತ್ತು. ನೂರಕ್ಕೆ ಐದು ಜನರ ವಿಷಯದಲ್ಲಿ ಆ ತಪ್ಪು ಸಾಲದ ಬಡ್ಡಿಯನ್ನೇ ಏರಿಸುವಷ್ಟು ದೊಡ್ಡದಾಗಿತ್ತು. ಹಾಗಾಗಿ ವರದಿ ನೋಡಬೇಕೆನ್ನುವವರು ಬರೀ ಕುತೂಹಲಕ್ಕೆ ಬಂದವರಲ್ಲ. ಸಾಲ ತಿರಸ್ಕೃತವಾದವರು, ಹೆಸರು ದುರ್ಬಳಕೆಯಾಗಿದೆ ಎಂದು ಹೆದರಿದವರು, ನಾಳೆ ಬೆಳಗ್ಗೆ ಮನೆ ಬಾಡಿಗೆಗೆ ಅರ್ಜಿ ಹಾಕಬೇಕಾದವರು. ಗಡಿಬಿಡಿಯಲ್ಲಿರುವವರ ಮುಂದೆ ‘ಉಚಿತ’ ಎಂಬ ಫಲಕ ಹಿಡಿದರೆ ಕೆಳಗಿನ ಸಣ್ಣಕ್ಷರ ಓದುವಷ್ಟು ವ್ಯವಧಾನ ಅವರಿಗಿರುವುದಿಲ್ಲ. ಈ ವ್ಯಾಪಾರ ನಿಂತಿರುವುದೇ ಆ ಗಡಿಬಿಡಿಯ ಮೇಲೆ.

2007ರಿಂದ ಅಮೆರಿಕದ ಟಿವಿಯಲ್ಲಿ ಫ್ರೀಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್‌ನ ಜಾಹೀರಾತುಗಳು ಬರತೊಡಗಿದವು. ಕಡಲ್ಗಳ್ಳನ ವೇಷ ತೊಟ್ಟು ಹೋಟೆಲಿನಲ್ಲಿ ಊಟ ಬಡಿಸುವ ಹುಡುಗನೊಬ್ಬ ಗಿಟಾರ್ ಹಿಡಿದು, ವರದಿ ನೋಡದೆ ತನಗೆ ಈ ಗತಿ ಬಂತೆಂದು ಹಾಡುತ್ತಿದ್ದ. ಹಾಡು ಮನೆಮಾತಾಯಿತು. ಕಾನೂನು ಕೊಟ್ಟ ನಿಜವಾದ ಉಚಿತ ತಾಣಕ್ಕೆ ಅಂಥ ಹಾಡೂ ಇರಲಿಲ್ಲ, ಜಾಹೀರಾತಿನ ದುಡ್ಡೂ ಇರಲಿಲ್ಲ. ಹೆಸರೂ ಉದ್ದ, ಬರೆಯುವಾಗ ತಪ್ಪುವಂಥದ್ದು. ಆ ತಪ್ಪು ಕಾಗುಣಿತಗಳನ್ನೇ ಹಿಡಿದು ಬೇರೆ ತಾಣಗಳು ಹುಟ್ಟಿಕೊಂಡವು. 2009ರ ಮಾರ್ಚ್‌ನಲ್ಲಿ ಟ್ರೇಡ್ ಕಮಿಷನ್ ತಾನೇ ಅದೇ ಧಾಟಿಯ ಹಾಡಿನ ವಿಡಿಯೊಗಳನ್ನು ಮಾಡಿಸಿ, ಅಸಲಿ ತಾಣ ಯಾವುದೆಂದು ಜನರಿಗೆ ಹೇಳಬೇಕಾಯಿತು. ಸರ್ಕಾರಿ ನಿಯಂತ್ರಕರು ಜಾಹೀರಾತಿಗೆ ಜಾಹೀರಾತಿನಿಂದಲೇ ಉತ್ತರ ಕೊಡಬೇಕಾಗಿ ಬಂದದ್ದು ಅವರ ಕೈಯಲ್ಲಿದ್ದ ಅಧಿಕಾರ ಎಷ್ಟೆಂಬುದನ್ನು ತೋರಿಸುತ್ತದೆ.

ಅದೇ ವರ್ಷ ಸಂಸತ್ತು ಕ್ರೆಡಿಟ್ ಕಾರ್ಡ್ ಸುಧಾರಣೆಯ ಕಾನೂನಿನಲ್ಲಿ ಈ ವಿಷಯಕ್ಕೂ ಒಂದು ಕಲಮು ಸೇರಿಸಿತು. ಅದರಂತೆ 2010ರ ಏಪ್ರಿಲ್‌ನಿಂದ ಉಚಿತ ವರದಿ ಕೊಡುತ್ತೇವೆನ್ನುವ ಪ್ರತಿ ತಾಣವೂ ಪುಟದ ನೆತ್ತಿಯ ಮೇಲೆ ಚೌಕಟ್ಟಿನೊಳಗೆ ಒಂದು ಸೂಚನೆ ಹಾಕಬೇಕಾಯಿತು: ಕಾನೂನಿನ ಪ್ರಕಾರ ಉಚಿತ ವರದಿ ಕೊಡಲು ಅಧಿಕಾರವಿರುವ ತಾಣ ಬೇರೆಯಿದೆ, ಅದರ ಕೊಂಡಿ ಇಲ್ಲಿದೆ ಎಂದು. ಸೂಚನೆಗಳ ಮಟ್ಟಿಗೆ ಇದಕ್ಕಿಂತ ಖಡಕ್ಕಾದದ್ದು ಕಲ್ಪಿಸಿಕೊಳ್ಳುವುದು ಕಷ್ಟ. ಅಂಗಡಿಯವರು ತಮ್ಮ ಬಾಗಿಲಿಗೇ ‘ನಿಮಗೆ ಬೇಕಾದದ್ದು ಎದುರು ಬೀದಿಯಲ್ಲಿ ಬಿಟ್ಟಿ ಸಿಗುತ್ತದೆ’ ಎಂದು ಬರೆದು ತೂಗುಹಾಕಿದಂತೆ. ಆದದ್ದೇನು? ಸರ್ಕಾರ ಚಾಪೆಯ ಕೆಳಗೆ ತೂರಿದರೆ ಕಂಪನಿ ರಂಗೋಲಿಯ ಕೆಳಗೆ ತೂರಿತು. ಫ್ರೀಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್ ತನ್ನ ವರದಿಗೆ ಒಂದು ಡಾಲರ್ ಬೆಲೆ ಇಟ್ಟಿತು, ಆ ಡಾಲರನ್ನು ದತ್ತಿ ಕಾರ್ಯಕ್ಕೆ ಕೊಡುತ್ತೇವೆಂದಿತು. ಒಂದು ಡಾಲರ್ ಇದ್ದ ಮೇಲೆ ಅದು ‘ಉಚಿತ’ ಅಲ್ಲ. ಉಚಿತವಲ್ಲದ ಮೇಲೆ ಸೂಚನೆಯ ನಿಯಮವೂ ತಟ್ಟದು. ತಾಣದ ಹೆಸರಿನಲ್ಲಿ ಮಾತ್ರ ‘ಫ್ರೀ’ ಹಾಗೇ ಉಳಿಯಿತು, ಡಾಲರಿನ ಜೊತೆಗೆ ಕಾರ್ಡ್ ಸಂಖ್ಯೆ ಮೊದಲಿನಂತೆಯೇ ಕೈಸೇರಿತು. ಆ ವ್ಯಾಪಾರಕ್ಕೆ ನಿಜವಾಗಿ ಬೇಕಿದ್ದದ್ದು ಕಾರ್ಡ್ ಸಂಖ್ಯೆಯೇ.

2017ರ ಜನವರಿಯಲ್ಲಿ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೊ ಟ್ರಾನ್ಸ್‌ಯೂನಿಯನ್ ಮತ್ತು ಇಕ್ವಿಫ್ಯಾಕ್ಸ್ ಮೇಲೆ ಹೊರಡಿಸಿದ ಆದೇಶಗಳಲ್ಲೂ ಇದೇ ವಾಸನೆ. ಒಂದು ಡಾಲರಿಗೆ ಅಥವಾ ಪುಕ್ಕಟೆಯಾಗಿ ಕ್ರೆಡಿಟ್ ಸ್ಕೋರ್, ಅಂದರೆ ವರದಿಯ ಆಧಾರದ ಮೇಲೆ ಲೆಕ್ಕಹಾಕಿದ ಅಂಕ, ತೋರಿಸುತ್ತೇವೆಂದು ಕರೆದು, ಪರೀಕ್ಷಾ ಅವಧಿ ಮುಗಿದೊಡನೆ ತಿಂಗಳಿಗೆ 16 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ವಸೂಲಿ ಮಾಡಿದ್ದು. ಸಾಲ ಕೊಡುವವರು ಸಾಮಾನ್ಯವಾಗಿ ಬಳಸದ ಸ್ಕೋರನ್ನು ಅವರು ಬಳಸುವ ಸ್ಕೋರೇ ಎಂಬಂತೆ ಮಾರಿದ್ದು. ಇಕ್ವಿಫ್ಯಾಕ್ಸ್ ಮೇಲೆ ಇನ್ನೊಂದು ದೋಷಾರೋಪವಿತ್ತು: ಕಾನೂನು ಕೊಟ್ಟ ಉಚಿತ ವರದಿ ಪಡೆಯಲು ಬಂದವರಿಗೂ ವರದಿಗಿಂತ ಮೊದಲು ಜಾಹೀರಾತು ತೋರಿಸುತ್ತಿದ್ದರು. ಇದಕ್ಕೆ ನಿಷೇಧವಿದೆ. ಎರಡೂ ಕಂಪನಿಗಳು ಸೇರಿ ಗ್ರಾಹಕರಿಗೆ 1.76 ಕೋಟಿ ಡಾಲರಿಗೂ ಹೆಚ್ಚು ಹಿಂದಿರುಗಿಸಿ, 55 ಲಕ್ಷ ಡಾಲರ್ ದಂಡ ಕಟ್ಟಬೇಕೆಂದು ಆದೇಶವಾಯಿತು. 2022ರಲ್ಲಿ ಬ್ಯೂರೊ, ಟ್ರಾನ್ಸ್‌ಯೂನಿಯನ್ ಆ ಆದೇಶವನ್ನೇ ಮುರಿದಿದೆ ಎಂದು ಮತ್ತೆ ಮೊಕದ್ದಮೆ ಹೂಡಿತು. ದೂರಿನಲ್ಲಿದ್ದ ಒಂದು ವಿವರ ಗಮನಿಸುವಂಥದ್ದು. ಚಂದಾ ವಿಷಯ ಹೇಳುವ ಸಾಲುಗಳು ಮಸುಕು ಬಣ್ಣದಲ್ಲಿ ಒಂದು ಚಿತ್ರದೊಳಗೆ ಅಡಗಿದ್ದವು. ಆ ಚಿತ್ರ ಪುಟದ ಉಳಿದ ಭಾಗಕ್ಕಿಂತ 30 ಸೆಕೆಂಡಿನವರೆಗೂ ತಡವಾಗಿ ಮೂಡಬಹುದಿತ್ತು. ಅಷ್ಟರಲ್ಲಿ ಗ್ರಾಹಕರು ಗುಂಡಿ ಒತ್ತಿ ಮುಂದೆ ಹೋಗಿರುತ್ತಾರೆ. ಕಂಪನಿ ಆರೋಪಗಳನ್ನು ಅಲ್ಲಗಳೆಯಿತು. ಸರ್ಕಾರ ಬದಲಾದ ಮೇಲೆ, 2025ರ ಫೆಬ್ರುವರಿಯಲ್ಲಿ, ಬ್ಯೂರೊ ತಾನೇ ಆ ಮೊಕದ್ದಮೆಯನ್ನು ಕೈಬಿಟ್ಟಿತು. ಹಾಗಾಗಿ ಆ ಆರೋಪ ಸಾಬೀತಾಗಿದೆ ಎನ್ನುವಂತಿಲ್ಲ. ಆದರೆ ‘ಸೂಚನೆ ಹಾಕಿ’ ಎಂಬ ಆಜ್ಞೆಯನ್ನು ಸೂಚನೆ ಹಾಕಿಯೇ ನಿಷ್ಫಲ ಮಾಡಲು ಸಾಧ್ಯವಿದೆ ಎಂಬುದು ಈ ವಿವರದಿಂದ ತಿಳಿಯುತ್ತದೆ.

ದೊಡ್ಡ ಸಂಸ್ಥೆಗಳ ಮಾತು ಹೀಗಾದರೆ, ಸಣ್ಣವರ ಕೈಗೆ ಸಿಕ್ಕ ಇದೇ ತಂತ್ರ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಕ್ರೆಡಿಟ್ ಬ್ಯೂರೊ ಸೆಂಟರ್ ಎಂಬ ಕಂಪನಿಯ ಪ್ರಕರಣವಿದೆ. ಕ್ರೇಗ್ಸ್‌ಲಿಸ್ಟ್ ತಾಣದಲ್ಲಿ ಕಡಿಮೆ ಬಾಡಿಗೆಗೆ ಒಳ್ಳೆಯ ಮನೆ ಇದೆಯೆಂಬ ಜಾಹೀರಾತು ಬೀಳುತ್ತಿತ್ತು. ವಿಚಾರಿಸಿದವರಿಗೆ ಮನೆ ಮಾಲೀಕರ ಹೆಸರಿನಲ್ಲಿ ಉತ್ತರ ಬರುತ್ತಿತ್ತು: ಮನೆ ತೋರಿಸುತ್ತೇವೆ, ಅದಕ್ಕೆ ಮೊದಲು ನಿಮ್ಮ ಕ್ರೆಡಿಟ್ ಸ್ಕೋರ್ ನೋಡಬೇಕು, ಈ ಕೊಂಡಿ ಒತ್ತಿ ಉಚಿತವಾಗಿ ಪಡೆಯಿರಿ. ಕೊಂಡಿ ಒತ್ತಿದರೆ ಕಂಪನಿಯ ತಾಣ. ಅಲ್ಲಿ ಕಾರ್ಡ್ ಸಂಖ್ಯೆ ಕೊಟ್ಟವರಿಗೆ ಸ್ಕೋರ್ ಸಿಗುತ್ತಿತ್ತು, ಮನೆ ಸಿಗುತ್ತಿರಲಿಲ್ಲ. ಯಾಕೆಂದರೆ ಬಾಡಿಗೆಗೆ ಅಂಥ ಮನೆಯೇ ಇರಲಿಲ್ಲ. ಕೆಲವು ದಿನ ಕಳೆದ ಮೇಲೆ ಕಾರ್ಡಿನಿಂದ 29.94 ಡಾಲರ್ ಹೋಗುತ್ತಿತ್ತು, ಮುಂದಿನ ತಿಂಗಳು ಮತ್ತೆ ಅಷ್ಟೇ. ಬಾಡಿಗೆ ಮನೆಗೆ ಅಲೆಯುವವರು ಆ ಹೊತ್ತಿನಲ್ಲಿ ಮುಂಗಡ, ಸಾಗಾಣಿಕೆ, ಹಳೆಯ ಮನೆಯ ಲೆಕ್ಕ ಎಂದು ನಾಲ್ಕಾರು ಕಡೆ ಹಣ ಕೊಡುತ್ತಿರುತ್ತಾರೆ. ಅದರ ನಡುವೆ ಮೂವತ್ತು ಡಾಲರಿನ ಸಾಲೊಂದು ಕಣ್ಣಿಗೆ ಬೀಳದಿರುವುದೇ ಸಹಜ. ಬೆಲೆಯನ್ನು ಆ ಮಟ್ಟದಲ್ಲಿ ಇಟ್ಟದ್ದು ಇದಕ್ಕೇ ಎಂದು ನನಗೆ ಅನ್ನಿಸುತ್ತದೆ: ಅಸಡ್ಡೆ ಮಾಡುವಷ್ಟು ಸಣ್ಣದು, ಸಾವಿರಾರು ಜನರಿಂದ ಕೂಡಿದರೆ ಬಹಳ ದೊಡ್ಡದು.

ಈ ಪ್ರಕರಣ ನ್ಯಾಯಾಲಯದಲ್ಲಿ ಹಿಡಿದ ದಾರಿಯೂ ಪಾಠವೇ. 2018ರಲ್ಲಿ ಇಲಿನಾಯ್‌ನ ಫೆಡರಲ್ ನ್ಯಾಯಾಲಯ 50 ಲಕ್ಷ ಡಾಲರಿಗೂ ಹೆಚ್ಚು ಹಿಂದಿರುಗಿಸಲು ಆದೇಶಿಸಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ, ತಪ್ಪು ನಡೆದಿರುವುದು ಹೌದು, ಆದರೆ ಟ್ರೇಡ್ ಕಮಿಷನ್ ಆಧಾರವಾಗಿ ತೋರಿಸಿದ ಕಲಮಿನಲ್ಲಿ ಹಣ ವಾಪಸು ಕೊಡಿಸುವ ಅಧಿಕಾರವೇ ಇಲ್ಲ ಎಂದಿತು. 2021ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಒಮ್ಮತದಿಂದ ಅದನ್ನೇ ಎತ್ತಿಹಿಡಿಯಿತು. ಹಲವು ದಶಕ ವಂಚಿತರಿಗೆ ಹಣ ಕೊಡಿಸಿದ ಹಾದಿ ಒಂದೇ ದಿನದಲ್ಲಿ ಮುಚ್ಚಿತು. ಕೊನೆಗೆ ಇವರ ಕೈಹಿಡಿದದ್ದು 2010ರ ಇನ್ನೊಂದು ಕಾನೂನು. ಆನ್‌ಲೈನ್‌ನಲ್ಲಿ, ಬೇಡವೆನ್ನದಿದ್ದರೆ ಬೇಕು ಎಂದು ಹಿಡಿಯುವ ಕರಾರುಗಳಿಗೆಂದೇ ಮಾಡಿದ ಕಾನೂನದು. ಷರತ್ತನ್ನು ಸ್ಪಷ್ಟವಾಗಿ ತಿಳಿಸಬೇಕು, ಗ್ರಾಹಕರಿಂದ ತಿಳಿದು ಕೊಟ್ಟ ಒಪ್ಪಿಗೆ ಪಡೆಯಬೇಕು, ನಿಲ್ಲಿಸುವ ದಾರಿ ಸರಳವಾಗಿರಬೇಕು ಎನ್ನುತ್ತದೆ. ಅದರ ಆಧಾರದ ಮೇಲೆ ಪರಿಹಾರದ ಆದೇಶ ಮತ್ತೆ ಬಂದು, 2023ರಲ್ಲಿ ಮೇಲ್ಮನವಿಯಲ್ಲೂ ಉಳಿಯಿತು. 2017ರಲ್ಲಿ ಹೂಡಿದ ದಾವೆಗೆ ಆರು ವರ್ಷ ಹಿಡಿಯಿತು. ತಿಂಗಳಿಗೆ ಮೂವತ್ತು ಡಾಲರ್ ಕಳೆದುಕೊಂಡವರು ಒಬ್ಬೊಬ್ಬರಾಗಿ ಇಷ್ಟು ದೂರ ಹೋಗುವುದುಂಟೆ? ವಂಚನೆ ನಡೆದ ಮೇಲೆ ಸರಿಪಡಿಸುತ್ತೇವೆಂಬ ಭರವಸೆಯ ಮೇಲೆ ಮಾತ್ರ ನಿಂತ ವ್ಯವಸ್ಥೆಯಲ್ಲಿ ನನಗೆ ನಂಬಿಕೆ ಕಡಿಮೆ.

ಇಲ್ಲಿ ಮೊದಲನೆಯ ಆಕ್ಷೇಪ ಏಳುತ್ತದೆ, ಅದು ಗಟ್ಟಿಯಾದದ್ದೇ. ಷರತ್ತು ಬರೆದಿರುತ್ತದೆ, ಓದಿಕೊಳ್ಳುವುದು ಗ್ರಾಹಕರ ಹೊಣೆ. ಬೇಡವಾಗಿದ್ದರೆ ನಿಲ್ಲಿಸುತ್ತಿದ್ದರು, ನಿಲ್ಲಿಸಿಲ್ಲ ಎಂದರೆ ಸೇವೆ ಅವರಿಗೆ ಬೇಕಿದೆ ಎಂದೇ ಅರ್ಥ ಎನ್ನುತ್ತಾರೆ ಕಂಪನಿಗಳ ಪರ ವಾದಿಸುವವರು. ಈ ವಾದವನ್ನು ಊಹೆಯಿಂದಲ್ಲ, ಲೆಕ್ಕದಿಂದಲೇ ಪರೀಕ್ಷಿಸಿದವರಿದ್ದಾರೆ. ಲಿರಾನ್ ಐನಾವ್, ಬೆಂಜಮಿನ್ ಕ್ಲೊಪಾಕ್, ನೀಲ್ ಮಹೋನಿ ಎಂಬ ಅರ್ಥಶಾಸ್ತ್ರಜ್ಞರು 2023ರಲ್ಲಿ ಹೊರತಂದ ಅಧ್ಯಯನದಲ್ಲಿ ಜನಪ್ರಿಯ ಚಂದಾ ಸೇವೆಗಳ ಕಾರ್ಡ್ ಪಾವತಿಗಳನ್ನು ನೋಡಿದರು. ಕಾರ್ಡಿನ ಅವಧಿ ಮುಗಿದು ಹೊಸ ಕಾರ್ಡ್ ಬಂದಾಗ ಚಂದಾದಾರರು ಹೊಸ ಸಂಖ್ಯೆಯನ್ನು ತಾವೇ ತುಂಬಬೇಕಾಗುತ್ತದೆ, ಅಂದರೆ ಮುಂದುವರಿಸಬೇಕೇ ಬೇಡವೇ ಎಂದು ಆ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಸರಿಯಾಗಿ ಅಂಥ ತಿಂಗಳುಗಳಲ್ಲೇ ಚಂದಾ ನಿಲ್ಲಿಸುವವರ ಸಂಖ್ಯೆ ಥಟ್ಟನೆ ಏರುತ್ತಿತ್ತು. ಜನರ ಈ ಮರೆವಿನಿಂದ ಕಂಪನಿಗಳ ಆದಾಯ ಸೇವೆಯನ್ನು ನೋಡಿಕೊಂಡು ಶೇ 14ರಿಂದ ಹಿಡಿದು ಶೇ 200ಕ್ಕೂ ಹೆಚ್ಚು ಏರುತ್ತದೆ ಎಂದು ಅವರು ಅಂದಾಜು ಮಾಡಿದರು. ಸುಮ್ಮನಿದ್ದವರೆಲ್ಲ ಸೇವೆ ಮೆಚ್ಚಿದವರಾಗಿದ್ದರೆ ಕಾರ್ಡ್ ಬದಲಾದ ತಿಂಗಳಲ್ಲೇ ಅವರ ಮನಸ್ಸೂ ಬದಲಾಗುವುದಕ್ಕೆ ಕಾರಣವಿರಲಿಲ್ಲ. ಅಲ್ಲಿ ಅಳೆಯಲಾದ ಸೇವೆಗಳು ಕುಖ್ಯಾತ ತಾಣಗಳಲ್ಲ, ಹೆಸರಾಂತ ಸೇವೆಗಳು ಎಂಬುದನ್ನೂ ನೆನಪಿಡಬೇಕು. ಒಳ್ಳೆಯ ಸರಕಿನ ವಿಷಯದಲ್ಲೇ ಮೌನಕ್ಕೆ ಇಷ್ಟು ಬೆಲೆಯಿದ್ದರೆ, ವರ್ಷಕ್ಕೊಮ್ಮೆ ನೋಡಿದರೆ ಸಾಕಾಗುವ ವರದಿಯ ವಿಷಯದಲ್ಲಿ ಎಷ್ಟಿರಬೇಕು?

ಎರಡನೆಯ ಆಕ್ಷೇಪ, ವರದಿಯ ಮೇಲೆ ದಿನವೂ ಕಣ್ಣಿಟ್ಟು ಎಚ್ಚರಿಕೆ ಕಳಿಸುವ ಸೇವೆ ನಿಜವಾಗಿಯೂ ಉಪಯುಕ್ತ, ಅದಕ್ಕೆ ಬೆಲೆ ಕೇಳುವುದು ತಪ್ಪಲ್ಲ ಎಂಬುದು. ಒಪ್ಪುತ್ತೇನೆ. ಗುರುತಿನ ಕಳವಿಗೆ ಒಳಗಾದವರಿಗೆ ಅದರ ಉಪಯೋಗವಿದೆ. ಆದರೆ ಅಷ್ಟು ಒಳ್ಳೆಯ ಸೇವೆಯನ್ನು ಅದರ ಹೆಸರಿನಲ್ಲೇ, ಅದರ ಬೆಲೆಯನ್ನೇ ಹೇಳಿ ಮಾರಬಹುದಲ್ಲ! ಕಾನೂನು ಪುಕ್ಕಟೆ ಕೊಟ್ಟ ವಸ್ತುವಿನ ಹೆಸರಿನಲ್ಲಿ ಕರೆದು ಬೇರೆಯದಕ್ಕೆ ಚಂದಾ ಕಟ್ಟಿಸುವ ಅಗತ್ಯ ಯಾಕೆ ಬೀಳುತ್ತದೆ ಎಂಬ ಪ್ರಶ್ನೆಗೆ ಈ ಆಕ್ಷೇಪದಲ್ಲಿ ಉತ್ತರವಿಲ್ಲ. ಕೋವಿಡ್ ಬಂದಾಗ, 2020ರ ಏಪ್ರಿಲ್‌ನಲ್ಲಿ, ಮೂರೂ ಸಂಸ್ಥೆಗಳು ವಾರಕ್ಕೊಂದು ವರದಿಯನ್ನು ಉಚಿತವಾಗಿ ಕೊಡತೊಡಗಿದವು. 2023ರಲ್ಲಿ ಆ ಸೌಲಭ್ಯವನ್ನು ಕಾಯಂ ಮಾಡಿದವು. ವರ್ಷಕ್ಕೊಂದು ಕೊಡುವುದೇ ಹೊರೆ ಎಂದು ಒಂದು ಕಾಲದಲ್ಲಿ ಗೊಣಗುತ್ತಿದ್ದವರು ವಾರಕ್ಕೊಂದು ಕೊಟ್ಟೂ ಮುಳುಗಲಿಲ್ಲ.

ಭಾರತಕ್ಕೆ ಬಂದರೆ ಚಿತ್ರ ಬೇರೆ, ಆದರೆ ಪಾತ್ರಧಾರಿಗಳಲ್ಲಿ ಹಲವರು ಅವರೇ. ಇಲ್ಲಿ ರಿಸರ್ವ್ ಬ್ಯಾಂಕ್ ಪರವಾನಗಿ ಪಡೆದ ನಾಲ್ಕು ಸಂಸ್ಥೆಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈಮಾರ್ಕ್. 2005ರ ಕಾನೂನು ಇವುಗಳನ್ನು ಆಳುತ್ತದೆ. 2016ರ ಸೆಪ್ಟೆಂಬರ್ 1ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಂತೆ, 2017ರ ಜನವರಿಯಿಂದ ಪ್ರತಿಯೊಬ್ಬರೂ ಈ ನಾಲ್ಕೂ ಕಡೆಯಿಂದ ವರ್ಷಕ್ಕೊಮ್ಮೆ ಸ್ಕೋರ್ ಸಹಿತ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯಬಹುದು. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರಿಂದ ಹಿಡಿದು ತಾಲ್ಲೂಕು ಕೇಂದ್ರದಲ್ಲಿ ಬೈಕ್ ಸಾಲ ಕೇಳುವವರವರೆಗೆ ಎಲ್ಲರ ಬಾಯಲ್ಲೂ ಈಗ ‘ಸಿಬಿಲ್ ಎಷ್ಟಿದೆ’ ಎಂಬ ಮಾತಿದೆ. ಆದರೆ ವರ್ಷಕ್ಕೆ ನಾಲ್ಕು ವರದಿ ತಮಗೆ ಬಿಟ್ಟಿ ಸಲ್ಲಬೇಕು ಎಂಬುದು ಎಷ್ಟು ಜನರಿಗೆ ಗೊತ್ತು? ಆ ಉಚಿತ ವರದಿಯ ಕೊಂಡಿಯನ್ನು ತಾಣದಲ್ಲಿ ಎದ್ದುಕಾಣುವಂತೆ ಹಾಕಬೇಕೆಂದು 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಮತ್ತೊಮ್ಮೆ ಆದೇಶಿಸಬೇಕಾಯಿತು. ಎದ್ದು ಕಾಣುತ್ತಿದ್ದರೆ ಆ ಆದೇಶ ಬೇಕಿರಲಿಲ್ಲ. ಅದೇ ತಿಂಗಳ ಆದೇಶಗಳಲ್ಲಿ ಇನ್ನೆರಡು ಒಳ್ಳೆಯ ಅಂಶಗಳಿವೆ: ಯಾರಾದರೂ ನಮ್ಮ ವರದಿ ತೆಗೆಸಿದರೆ ನಮಗೆ ಎಸ್ಎಂಎಸ್ ಅಥವಾ ಇಮೇಲ್ ಬರಬೇಕು. ತಪ್ಪು ಸರಿಪಡಿಸಲು ಕೊಟ್ಟ ದೂರು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಸಲ್ಲಬೇಕು. ಅಮೆರಿಕದಲ್ಲಿ ಎಚ್ಚರಿಕೆ ಸಂದೇಶವನ್ನು ಚಂದಾ ಕಟ್ಟಿಸಿಕೊಂಡು ಮಾರಲಾಯಿತು. ಇಲ್ಲಿ ಅದರ ಒಂದು ಮುಖ್ಯ ಭಾಗ ಹಕ್ಕಾಗಿ ಬಂತು. ಈ ಒಂದು ಹೆಜ್ಜೆಗೆ ರಿಸರ್ವ್ ಬ್ಯಾಂಕಿಗೆ ಕೃತಜ್ಞರಾಗಿರಬೇಕು.

ಇದಕ್ಕಿಂತ ಮುಖ್ಯವಾದ ಹೆಜ್ಜೆ ಹಣಪಾವತಿಯಲ್ಲಿ ಆಗಿದೆ. 2021ರ ಅಕ್ಟೋಬರ್ 1ರಿಂದ ಕಾರ್ಡ್ ಮೂಲಕ ತಾನಾಗಿ ಕಡಿತವಾಗುವ ಪಾವತಿಗಳಿಗೆ ಹೊಸ ಶಿಸ್ತು ಬಂತು. ಮೊದಲ ಒಪ್ಪಿಗೆಗೆ ಒಟಿಪಿಯಂಥ ಹೆಚ್ಚಿನ ದೃಢೀಕರಣ ಬೇಕು, ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಸೂಚನೆ ಬರಬೇಕು, ಬೇಡವೆನಿಸಿದರೆ ಆ ಸೂಚನೆಯಿಂದಲೇ ನಿಲ್ಲಿಸಲು ಆಗಬೇಕು. ಮಿತಿಗಿಂತ ದೊಡ್ಡ ಮೊತ್ತಕ್ಕೆ ಪ್ರತಿ ಸಲವೂ ಒಟಿಪಿ ಬೇಕು. ಆ ಮಿತಿ ಆಗ 5,000 ರೂಪಾಯಿ ಇತ್ತು, 2022ರಲ್ಲಿ 15,000 ಆಯಿತು. ಇಲ್ಲಿ ನಿಯಂತ್ರಕರು ಮಾರುವವರ ಪುಟವನ್ನು ಸರಿಪಡಿಸುವ ಗೋಜಿಗೇ ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಸೂಚನೆ ಕೊಡುವ ಕೆಲಸವನ್ನು, ಸೂಚನೆ ಅಡಗಿಸಿದರೆ ಲಾಭವಾಗುವವರ ಕೈಯಿಂದ ತೆಗೆದು, ಲಾಭವಿಲ್ಲದ ಬ್ಯಾಂಕಿನ ಕೈಗೆ ಕೊಟ್ಟರು. ಅಮೆರಿಕ ಇಪ್ಪತ್ತು ವರ್ಷ ಹುಡುಕಿದ ಪರಿಹಾರದ ಬಹುಪಾಲು ಇಲ್ಲಿದೆ.

ಬಹುಪಾಲು ಎಂದೆ, ಪೂರ್ತಿ ಎನ್ನಲಿಲ್ಲ. ಯುಪಿಐ ಆಟೊಪೇ ಬಂದ ಮೇಲೆ ಒಂದು ಡಾಲರಿನ ತಂತ್ರ ಒಂದು ರೂಪಾಯಿಯ ವೇಷದಲ್ಲಿ ನಮ್ಮ ಮೊಬೈಲ್‌ಗಳಿಗೆ ಬಂದಿದೆ. ಆ್ಯಪ್ ತೆರೆದರೆ ಏಳು ದಿನ ಬರೀ ಒಂದು ರೂಪಾಯಿ ಎಂಬ ದೊಡ್ಡ ಗುಂಡಿ. ಒತ್ತಿದರೆ ಯುಪಿಐ ಪರದೆ ಬರುತ್ತದೆ. ಅಲ್ಲಿ ಎದುರಿಗೆ ಒಂದು ರೂಪಾಯಿ; ಕೆಳಗಿನ ಸಾಲುಗಳಲ್ಲಿ ಮುಂದೆ ಇಷ್ಟರವರೆಗೆ ಎಂಬ ನೂರಾರು ರೂಪಾಯಿಯ ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ ಎಂಬ ವಿವರ, ಎಷ್ಟೋ ವರ್ಷಗಳಾಚೆಯ ಒಂದು ಕೊನೆಯ ದಿನಾಂಕ. ಪಿನ್ ಹೊಡೆಯುವವರ ಮನಸ್ಸಿನಲ್ಲಿರುವುದು ಒಂದು ರೂಪಾಯಿ, ಸಹಿ ಬೀಳುವುದು ಆ ಗರಿಷ್ಠ ಮೊತ್ತದ ಮ್ಯಾಂಡೇಟ್‌ಗೆ. ಆಮೇಲಿನ ಕಡಿತಗಳು ಮಿತಿಯೊಳಗೇ ಇರುವುದರಿಂದ ಮತ್ತೆ ಪಿನ್ ಕೇಳುವುದಿಲ್ಲ. ಮೊದಲೇ ಬರುವ ಎಸ್ಎಂಎಸ್ ಸಾಲದ ಜಾಹೀರಾತು, ಲಾಟರಿ ಸಂದೇಶಗಳ ರಾಶಿಯಲ್ಲಿ ಹೂತುಹೋಗುತ್ತದೆ, ಅದೂ ಇಂಗ್ಲಿಷ್‌ನಲ್ಲಿ. ಕನ್ನಡದಲ್ಲೇ ಬ್ಯಾಂಕ್ ವ್ಯವಹಾರ ಮಾಡುವ ಹಿರಿಯರಿಗೆ ಆ ಸಂದೇಶ ಇದ್ದೂ ಇಲ್ಲದಂತೆಯೇ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ 13 ಬಗೆಯ ಮರೆಮೋಸಗಳನ್ನು ಹೆಸರಿಸಿ ನಿಷೇಧಿಸಿದೆ. ಚಂದಾದ ಬಲೆ ಅವುಗಳಲ್ಲೊಂದು. ಮಾರ್ಗಸೂಚಿ ಒಳ್ಳೆಯದೇ. ಆದರೆ ಅದರ ಗುರಿ ಮತ್ತೆ ಮಾರುವವರ ಪುಟ, ಮತ್ತೆ ಗುಂಡಿ, ಮತ್ತೆ ಅಕ್ಷರದ ಗಾತ್ರ.

ನಿಜಕ್ಕೂ ದುಡ್ಡು ಕೇಳದೆ ಸ್ಕೋರ್ ತೋರಿಸುವ ಆ್ಯಪ್‌ಗಳೂ ಹಲವಿವೆ. ಅಲ್ಲಿ ಬೆಲೆ ಬೇರೆ ರೂಪದಲ್ಲಿ ಸಂದಾಯವಾಗುತ್ತದೆ. ಪ್ಯಾನ್, ಮೊಬೈಲ್ ಸಂಖ್ಯೆ, ವರದಿಯನ್ನು ಮತ್ತೆ ಮತ್ತೆ ತೆಗೆಸಲು ದೀರ್ಘ ಕಾಲದ ಒಪ್ಪಿಗೆ, ಆಮೇಲೆ ಸಾಲ ಬೇಕೇ ಎಂಬ ಕರೆಗಳು. ಅಮೆರಿಕದ ಕ್ರೆಡಿಟ್ ಕರ್ಮ ಎಂಬ ಉಚಿತ ಸ್ಕೋರ್ ಸೇವೆಯ ಮೇಲೆ 2022ರಲ್ಲಿ ಟ್ರೇಡ್ ಕಮಿಷನ್ ಹೊರಿಸಿದ ಆರೋಪ ಇಂಥದ್ದೇ: ನಿಮಗೆ ಕಾರ್ಡ್ ಮಂಜೂರಾದಂತೆಯೇ ಎಂದು ನಂಬಿಸಿ ಅರ್ಜಿ ಹಾಕಿಸುತ್ತಿದ್ದರು, ಅರ್ಜಿ ಹಾಕಿದವರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನ ತಿರಸ್ಕೃತರಾಗುತ್ತಿದ್ದರು. ಕಂಪನಿ 30 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ನಮ್ಮ ವರದಿಯನ್ನು ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಬೇರೆಯವರ ಮಾತು ನಂಬಿ ಹಾಕಿದ ಸಾಲದ ಅರ್ಜಿ ಇಳಿಸಬಲ್ಲದು.

ಅಮೆರಿಕಕ್ಕೆ ಹೊಸದಾಗಿ ಹೋಗುವ ಕನ್ನಡಿಗ ಇಂಜಿನಿಯರ್‌ಗಳು, ವಿದ್ಯಾರ್ಥಿಗಳು ಈ ಬಲೆಗೆ ಬೀಳುವ ಸಾಧ್ಯತೆ ಹೆಚ್ಚು. ಭಾರತದಲ್ಲಿ ಕಟ್ಟಿದ ಸಾಲದ ಚರಿತ್ರೆ ಸಾಮಾನ್ಯವಾಗಿ ಅಲ್ಲಿಗೆ ಸಾಗುವುದಿಲ್ಲ. ಬಾಡಿಗೆ ಮನೆಯವರು ವರದಿ ಕೇಳುತ್ತಾರೆ, ತೋರಿಸಲು ಏನೂ ಇರುವುದಿಲ್ಲ. ಆಗ ಹುಡುಕುವವರು ಅಸಲಿ ತಾಣದ ಹೆಸರನ್ನು ತಾವೇ ಬರೆದು ತೆರೆಯಬೇಕು, ಯಾರೋ ಕಳಿಸಿದ ಕೊಂಡಿಯಿಂದಲ್ಲ. ಅಲ್ಲಿ ವರದಿಗೆ ಕಾರ್ಡ್ ಸಂಖ್ಯೆ ಬೇಕಿಲ್ಲ. ಬೇಕೆಂದರೆ ಆ ಪುಟ ಬೇರೇನನ್ನೋ ಮಾರುತ್ತಿದೆ ಎಂದೇ ತಿಳಿಯಬೇಕು.

ಇನ್ನು ಮೂರನೆಯ ಆಕ್ಷೇಪ, ನನಗೆ ಅತ್ಯಂತ ಗಂಭೀರವೆನಿಸುವುದು. ಪಾವತಿಯ ದಾರಿಯಲ್ಲಿ ಇಷ್ಟೊಂದು ತಡೆ ಹಾಕಿದರೆ ಪ್ರಾಮಾಣಿಕ ಸೇವೆಗಳೂ ನರಳುತ್ತವೆ. 2021ರಲ್ಲಿ ಹಾಗೇ ಆಯಿತು. ಬ್ಯಾಂಕುಗಳು ಸಿದ್ಧವಿಲ್ಲದೆ ರಿಸರ್ವ್ ಬ್ಯಾಂಕ್ ಗಡುವನ್ನು ಮಾರ್ಚ್‌ನಿಂದ ಸೆಪ್ಟೆಂಬರ್‌ಗೆ ಮುಂದೂಡಬೇಕಾಯಿತು, ಆಮೇಲೂ ಪತ್ರಿಕೆಗಳ ಚಂದಾ, ಸೇವಾಸಂಸ್ಥೆಗಳಿಗೆ ಬರುತ್ತಿದ್ದ ಮಾಸಿಕ ದೇಣಿಗೆ, ಎಷ್ಟೋ ಪಾವತಿಗಳು ನಿಂತುಹೋದವು. ಈ ನೋವು ನಿಜ. ವಿಮೆಯ ಕಂತು ತಪ್ಪಿ ಪಾಲಿಸಿ ರದ್ದಾದರೆ ಅದು ಚಂದಾದ ಬಲೆಗಿಂತ ದೊಡ್ಡ ಹಾನಿ. ಅದಕ್ಕಾಗಿಯೇ 2023ರ ಡಿಸೆಂಬರ್‌ನಲ್ಲಿ ವಿಮೆ, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್ ಬಿಲ್‌ಗಳ ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಲಾಯಿತು. ಹಾಗಾಗಿ ಎಲ್ಲ ಪಾವತಿಗೂ ಪ್ರತಿ ತಿಂಗಳೂ ಒಟಿಪಿ ಕೇಳಬೇಕೆಂದು ನಾನು ಹೇಳುವುದಿಲ್ಲ. ನಾನು ಕೇಳುವುದು ಒಂದೇ ಜಾಗದಲ್ಲಿ: ಉಚಿತ ಅಥವಾ ಅಗ್ಗದ ಪರೀಕ್ಷಾ ಅವಧಿ ಮುಗಿದು ಮೊದಲ ಸಲ ಪೂರ್ತಿ ಬೆಲೆ ಕಡಿತವಾಗುವಾಗ. ಆ ಒಂದು ಕಡಿತವನ್ನು ಹೊಸ ವ್ಯವಹಾರವೆಂದೇ ಪರಿಗಣಿಸಿ, ಮೊತ್ತ ಎಷ್ಟೇ ಸಣ್ಣದಿರಲಿ, ಹೊಸದಾಗಿ ಪಿನ್ ಅಥವಾ ಒಟಿಪಿ ಕೇಳಬೇಕು. ಸೇವೆ ಇಷ್ಟವಾದವರು ಹತ್ತು ಸೆಕೆಂಡಿನಲ್ಲಿ ಒಪ್ಪುತ್ತಾರೆ. ವಿಮೆಯ ಕಂತಿಗೆ, ಸಾಲದ ಇಎಂಐಗೆ, ಹಲವು ವರ್ಷದ ಪತ್ರಿಕೆಯ ಚಂದಾಕ್ಕೆ ಇದು ತಾಗುವುದೇ ಇಲ್ಲ, ಯಾಕೆಂದರೆ ಅವು ಯಾವುವೂ ಒಂದು ರೂಪಾಯಿಯಿಂದ ಶುರುವಾದವಲ್ಲ. ಮೌನದಿಂದ ಮಾತ್ರ ಬದುಕಿರುವ ವ್ಯಾಪಾರಕ್ಕೇ ಇದರಿಂದ ಪೆಟ್ಟು.

ನಿಲ್ಲಿಸುವ ದಾರಿಯನ್ನು ಸರಳಗೊಳಿಸಿದರೆ ಸಾಲದೇ ಎಂದೂ ಕೇಳಬಹುದು. ಅಮೆರಿಕ ಆ ದಾರಿಯನ್ನು ಗಂಭೀರವಾಗಿ ಹಿಡಿದಿದೆ. ಸೇರಿದಷ್ಟೇ ಸುಲಭವಾಗಿ ಬಿಡುವಂತಿರಬೇಕು ಎಂಬ ನಿಯಮವನ್ನು ಟ್ರೇಡ್ ಕಮಿಷನ್ 2024ರ ಅಕ್ಟೋಬರ್‌ನಲ್ಲಿ ಅಂತಿಮಗೊಳಿಸಿತು. ಪೂರ್ತಿ ಜಾರಿಗೆ ಬರಲು ಕೆಲವೇ ದಿನ ಇದ್ದಾಗ, 2025ರ ಜುಲೈನಲ್ಲಿ, ನಿಯಮ ಮಾಡಿದ ಕ್ರಮದಲ್ಲಿ ಲೋಪವಿದೆಯೆಂದು ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ತನ್ನ ಪ್ರೈಮ್ ಚಂದಾದ ಪ್ರಕರಣದಲ್ಲಿ 250 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ವಾಪಸು. ಚಂದಾ ನಿಲ್ಲಿಸುವ ಹಂತಗಳಿಗೆ ಕಂಪನಿಯ ಒಳಗೆ ಇಟ್ಟಿದ್ದ ಹೆಸರು ‘ಇಲಿಯಡ್’ ಎಂದು ಕಮಿಷನ್‌ನ ದೂರಿನಲ್ಲಿದೆ, ಟ್ರೋಜನ್ ಯುದ್ಧದ ಆ ದೀರ್ಘ ಗ್ರೀಕ್ ಕಾವ್ಯದ ಹೆಸರು. ಸರಳ ನಿರ್ಗಮನ ಬೇಕೇ ಬೇಕು. ಆದರೆ ಹೊರಹೋಗುವ ಬಾಗಿಲು ಎಷ್ಟೇ ಅಗಲವಾಗಿದ್ದರೂ, ತಾವು ಒಳಗಿದ್ದೇವೆಂದು ತಿಳಿಯದವರಿಗೆ ಅದರಿಂದ ಉಪಯೋಗವಿಲ್ಲ. ಕ್ರೇಗ್ಸ್‌ಲಿಸ್ಟ್‌ನಲ್ಲಿ ಮನೆ ಹುಡುಕಿದವರಿಗೆ ತಾವು ಚಂದಾದಾರರೆಂಬುದೇ ಗೊತ್ತಿರಲಿಲ್ಲ.

ಉಚಿತ ವರದಿಯ ವಿಷಯಕ್ಕಷ್ಟೇ ಸೀಮಿತವಾಗಿ ಇನ್ನೊಂದು ಕೆಲಸ ಆಗಬಹುದು. ವರದಿ ಕೊಡುವ ಬಾಗಿಲನ್ನು ವರದಿಯ ಜೊತೆ ಚಂದಾ ಮಾರುವವರ ಅಂಗಳದಿಂದ ಹೊರಗೆ ತರುವುದು. ಅಮೆರಿಕದಲ್ಲಿ ಮೂರು ಸಂಸ್ಥೆಗಳಿಗೂ ಒಂದೇ ತಾಣವಿದೆ. ನಮ್ಮಲ್ಲಿ ನಾಲ್ಕು ತಾಣಗಳಿಗೆ ನಾಲ್ಕು ಬಾರಿ ಹೋಗಿ, ನಾಲ್ಕು ಕಡೆ ಹೆಸರು ನೋಂದಾಯಿಸಿ, ನಾಲ್ಕು ಕಡೆಯ ಚಂದಾ ಯೋಜನೆಗಳನ್ನು ದಾಟಿ ಬರಬೇಕು. ನಾಲ್ಕೂ ವರದಿಗಳು ಒಂದೇ ಕಡೆ, ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿ, ಜಾಹೀರಾತಿಲ್ಲದ ಪುಟದಲ್ಲಿ ಸಿಗುವಂತೆ ಮಾಡುವುದು ರಿಸರ್ವ್ ಬ್ಯಾಂಕಿಗೆ ದೊಡ್ಡ ಮಾತಲ್ಲ. ಅಲ್ಲಿಯವರೆಗೆ ಮಾಡಬಹುದಾದದ್ದಿಷ್ಟು: ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿಯಲ್ಲೂ ಬ್ಯಾಂಕಿನ ಕಾರ್ಡ್ ಮ್ಯಾಂಡೇಟ್ ಪಟ್ಟಿಯಲ್ಲೂ ಇರುವ ಅಪರಿಚಿತ ಹೆಸರುಗಳನ್ನು ಅಲ್ಲೇ ರದ್ದುಮಾಡಬಹುದು, ಕಂಪನಿಯ ಅಪ್ಪಣೆ ಬೇಕಿಲ್ಲ. ಹೋದ ಹಣದ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ವರದಿ ಸಂಸ್ಥೆಯ ಮೇಲಿನ ದೂರಾದರೆ, 2022ರ ಸೆಪ್ಟೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೂ ಹೋಗಬಹುದು. ಮೊದಲು ಆ ಸಂಸ್ಥೆಗೇ ಲಿಖಿತವಾಗಿ ದೂರು ಕೊಟ್ಟು 30 ದಿನ ಕಾದಿರಬೇಕು.